ಹಸಿದ ಬಾಯಿಯ ವಾಸನೆ

ಮುತ್ತಕ್ಕ ಕಾಯಿಲೆ ಬಿದ್ದ ನಾಯಿಮರಿಯ ಮುಖ ನೋಡುತ್ತಿರಲಿಲ್ಲ; ಮೊದಲು ಅದು ಕಾರಿದ್ದನ್ನು ಮೂಸುತ್ತಿದ್ದಳು. ಮೀನಿನ ಬುಟ್ಟಿಯನ್ನು ಬೇಲಿಯ ಪಕ್ಕ ಇಳಿಸಿ, ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಬೆರಳ ತುದಿಗೆ ಹಚ್ಚಿಕೊಂಡು ಮೂಗಿನ ಬಳಿ ಹಿಡಿಯುತ್ತಿದ್ದಳು. ಆಮೇಲೆ ಮರಿಯ ಬಾಯಿ ಬಿಡಿಸಿ ಅದನ್ನೂ ಮೂಸುತ್ತಿದ್ದಳು. ಹಸಿದ ಬಾಯಿಗೆ ಒಂದು ವಾಸನೆ, ಕೆಟ್ಟ ಹೊಟ್ಟೆಗೆ ಇನ್ನೊಂದು ಎಂಬುದು ಅವಳ ಶಾಸ್ತ್ರ.

ನಲವತ್ತರ ದಶಕ, ಯುದ್ಧ ಮುಗಿದಿತ್ತೋ ಇಲ್ಲವೋ, ಹೇಳಲಾರೆ. ಕೊಕ್ಕರ್ಣೆಯಿಂದ ಬಂದು ಕೋಟೇಶ್ವರದಲ್ಲಿ ಮಾಸ್ತರನಾಗಿದ್ದೆ. ಬಾಡಿಗೆಯ ಕೋಣೆ, ಒಂದು ಚಾಪೆ, ಬೀದಿಯಲ್ಲಿ ಸಿಕ್ಕ ಒಂದು ಮರಿ. ಮರಿ ಕಪ್ಪಗಿತ್ತೆಂದು ಬರೆದು, ಆ ಸಾಲನ್ನು ಹೊಡೆದುಹಾಕಿದೆ. ಕಂದು ಇದ್ದರೂ ಇದ್ದೀತು. ಶಾಲೆ ಬಿಟ್ಟ ಮೇಲೆ ನಾನು ಮಾತಾಡುತ್ತಿದ್ದುದು ಅದರೊಂದಿಗೆ ಮಾತ್ರ ಎಂಬುದರಲ್ಲಿ ಅನುಮಾನವಿಲ್ಲ. ಅದು ಎರಡು ದಿನ ಕಾರಿ, ಅನ್ನದಿಂದ ಮುಖ ತಿರುಗಿಸಿದಾಗ ಹೆದರಿ, ಪಕ್ಕದ ಮನೆಯವರು ಹೇಳಿದಂತೆ ಮುತ್ತಕ್ಕನನ್ನು ಕರೆದೆ.

“ಹ್ವಾಯ್ ಮಾಷ್ಟ್ರೇ, ಇದ್ಕೆ ಎಂತ ಹಾಕಿರಿ?”

“ಅನ್ನ, ಮಜ್ಜಿಗೆ.”

“ಮತ್ತೆ? ಬೆಲ್ಲದ್ ವಾಸ್ನಿ ಬತ್ತಿತ್.”

ಒಪ್ಪಿಕೊಳ್ಳಬೇಕಾಯಿತು. ದೇವಸ್ಥಾನದಲ್ಲಿ ಕೊಟ್ಟ ಪಂಚಕಜ್ಜಾಯವನ್ನು ಹಿಡಿ ತುಂಬ ಹಾಕಿದ್ದೆ. ಕಾರತೊಡಗಿದ ಮೇಲೆ, ಪ್ರಸಾದದಿಂದಲೇ ಗುಣವಾದೀತೆಂದು ಇನ್ನೊಂದು ಹಿಡಿ.

“ದೇವ್ರ್ ಬರೀ ಕಾಂಬುದ್, ತಿಂಬುದಲ್ಲ. ಅದ್ಕೇ ಅವ್ರಿಗೆ ಎಂತ ಆತಿಲ್ಲೆ. ಇದ್ ತಿಂದಿತ್ ಕಾಣಿ.”

ಒಂದು ದಿನ ಅನ್ನ ಕೊಡಕೂಡದು, ಬೆರಳಿಂದ ನೀರು ನೆಕ್ಕಿಸಬೇಕು. ಮರುದಿನ ಕುಚ್ಚಲಕ್ಕಿ ಗಂಜಿಯ ತಿಳಿ, ಕರಟದಲ್ಲಿ ಎರಡೇ ಗುಟುಕು. “ಹೊಟ್ಟಿ ಸುಮ್ನಿರ್ಲಿ” ಎಂದು ಬುಟ್ಟಿ ಹೊತ್ತು ಹೋದಳು.

ನನ್ನಿಂದಾಗಲಿಲ್ಲ. ಊಟಕ್ಕೆ ಕೂತಾಗ ಒಂದು ತುತ್ತು ಇಟ್ಟೆ. ಮರಿ ಮತ್ತೆ ಕಾರಿತು. ಬೆಳಿಗ್ಗೆ ಅವಳು ಮೂಸಿ, ಮೊದಲ ಬಾರಿಗೆ ನನ್ನ ಮುಖ ನೋಡಿದಳು.

“ಹಸಿವ್ ಮರಿಗಲ್ಲ. ನಿಮ್ಗ್ ಒಬ್ರೇ ಉಂಬುಕೆ ಬೇಜಾರ್. ಅದ್ಕೆ ಮರಿ ಹೊಟ್ಟಿ ಎಂತಕ್ಕೆ ತುಂಬ್ಸುದ್?”

“ನೀನೂ ಒಬ್ಳೇ ಅಲ್ದಾ ಉಂಬುದ್?”

ಅವಳ ಗಂಡ ಹೋದ ದೋಣಿ ಮರಳಿ ಬಂದಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಕೇಳಿದೆ.

“ನಂಗ್ ಕಾಕಿ ಇತ್ತ್, ಕಾಂಬುಕೆ” ಎಂದು ಬುಟ್ಟಿಯ ಸುತ್ತ ಕುಪ್ಪಳಿಸುತ್ತಿದ್ದ ಕಾಗೆಗಳತ್ತ ಗಲ್ಲ ತೋರಿದಳು.

ಆಮೇಲೆ ಅವಳು ಹೇಳಿದಂತೆ ಮಾಡಿದೆ. ಮೂರನೆಯ ದಿನ ಮರಿ ಕರಟವನ್ನು ನೆಕ್ಕಿ, ಕಚ್ಚಿಕೊಂಡು ಓಡಿತು. ಮುತ್ತಕ್ಕ ನಕ್ಕಳೇ? ನಗಿಸಿದರೆ ಚಿತ್ರ ಚೆಂದವಾಗುತ್ತದೆ, ಅದಕ್ಕೇ ಬೇಡ. ಮುಂದೆ ದಿನವೂ ಬೇಲಿಯಾಚೆಯಿಂದ “ಉಂಡಿತಾ?” ಎಂದು ಕೂಗಿ ಹೋಗುತ್ತಿದ್ದಳು. ಮರಿ ದೊಡ್ಡ ನಾಯಿಯಾದ ಮೇಲೂ ಕೇಳುತ್ತಿದ್ದಳು. ಆ ಪ್ರಶ್ನೆಗಾಗಿ ನಾನು ಕಾಯುತ್ತಿದ್ದೆ.

ಒಮ್ಮೆ ನಾಲ್ಕು ದಿನ ಕೂಗು ಕೇಳಲಿಲ್ಲ. ಮಧ್ಯಾಹ್ನ ಶಾಲೆಯಿಂದ ನೇರವಾಗಿ ಕಡಲ ಬದಿಯ ಅವಳ ಗುಡಿಸಲಿಗೆ ಹೋದೆ. ಚಾಪೆಯಲ್ಲಿ ಮಲಗಿದ್ದಳು. ತಿಂದದ್ದು ನಿಲ್ಲುತ್ತಿರಲಿಲ್ಲ, ಈಗ ತಿನ್ನುವ ಮನಸ್ಸೂ ಹೋಗಿತ್ತು. ನೆರೆಯವರು ಬಟ್ಟಲಲ್ಲಿ ಇಟ್ಟ ಗಂಜಿತಿಳಿ ಪಕ್ಕದಲ್ಲಿ ತಣ್ಣಗಾಗಿತ್ತು.

“ಒಂದ್ ಗುಟ್ಕ್ ಕುಡಿ, ಮುತ್ತಕ್ಕ” ಎಂದೆ.

“ನೀವ್ ಕುಡಿನಿ. ನಾನ್ ಕಾಣ್ತೆ. ಕಂಡ್ರೆ ನಂಗೂ ಮನ್ಸ್ ಬತ್ತಿತ್.”

ಬ್ರಾಹ್ಮಣರ ಮನೆಯವನು ನಾನು. ಅವಳ ಕೇರಿಯಲ್ಲಿ ನೀರು ಕೂಡ ಮುಟ್ಟಿದವನಲ್ಲ. ನನ್ನ ಜಗಲಿಯನ್ನು ಒಮ್ಮೆಯೂ ಹತ್ತದ ಅವಳಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಕೇಳಿದಳು.

ಬಗ್ಗಿ, “ನಂದ್ ಊಟ ಆಯ್ತ್” ಎಂದೆ.

ಅವಳ ಮೂಗು ಅರಳಿತು.

“ಹಸ್ದ್ ಬಾಯಿ ವಾಸ್ನಿ ನಂಗ್ ತಿಳಿತಿಲ್ಯಾ, ಮಾಷ್ಟ್ರೇ?” ಎಂದು ಮುಖವನ್ನು ತೆಂಗಿನ ಮಡಲಿನ ಗೋಡೆಯ ಕಡೆ ತಿರುಗಿಸಿದಳು.

ಎರಡು ದಿನ ಕಳೆದು, ಬುಟ್ಟಿ ಹೊತ್ತ ಬೇರೊಬ್ಬಳು ಬೇಲಿಯ ಬಳಿ ನಿಂತು, ಮುತ್ತಕ್ಕ ಹೋದಳೆಂದು ಹೇಳಿದಳು.

ಈಗೀಗ ನೆನಪು ನನ್ನ ಕೈಗೆ ಆ ಬಟ್ಟಲನ್ನು ಕೊಡುತ್ತದೆ. ತಣ್ಣಗಿನ ತಿಳಿ, ಉಪ್ಪು ತುಸು ಹೆಚ್ಚು. ಅವಳು ನೋಡುತ್ತಿದ್ದಾಳೆ, ನಾನು ಎರಡು ಗುಟುಕು ಕುಡಿಯುತ್ತೇನೆ. ಉಪ್ಪಿನ ರುಚಿ ನಾಲಿಗೆಯ ಮೇಲೆ ಬಂದೇ ಬಿಡುತ್ತದೆ.

ನಾನು ಕುಡಿದಿರಲಿಲ್ಲ.