ಇಟ್ಟಿಗೆ ಪುಡಿ ತಿಕ್ಕಿದ ಕನ್ನಡಿ

ಮಾರೇನಹಳ್ಳಿಯಲ್ಲಿ ರಸ್ತೆಗೆ ಡಾಂಬರು ಹಾಕುವಾಗ ಎಲ್ಲರೂ ಮೂಗು ಮುಚ್ಚಿಕೊಂಡು ಓಡುತ್ತಾರೆ, ನಾನೊಬ್ಬಳು ನಿಂತುಬಿಡುತ್ತೇನೆ. ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ಇಂಥದೇ ವಾಸನೆ ಇರುತ್ತಿತ್ತು. ಚಿಕ್ಕಪ್ಪ ಅಲ್ಲಿ ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಪ್ಪು ರಾಳ ಕಾಯಿಸುತ್ತಿದ್ದ. ವಾರವೆಲ್ಲ ಮೈಸೂರು ರಸ್ತೆಯ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ. ಭಾನುವಾರ ಬಂತೆಂದರೆ ದೂರದರ್ಶಕಕ್ಕೆ ಕನ್ನಡಿ ತೇಯುವ ಹುಚ್ಚು. ತಟ್ಟೆಯಗಲದ ಎರಡು ದಪ್ಪ ಗಾಜು, ನಡುವೆ ನೀರು ಮತ್ತು ಪುಡಿ. ಅವನ್ನು ಡ್ರಮ್ಮಿನ ಮೇಲಿಟ್ಟು, ಅದರ ಸುತ್ತ ನಡೆಯುತ್ತಾ ಎರಡು ವರ್ಷ ತೇದ. ಮೊದಲು ಒರಟು ಪುಡಿ, ಆಮೇಲೆ ನಯವಾದದ್ದು, ಕೊನೆಗೆ ರಾಳದ ಮೇಲೆ ಉಜ್ಜುವುದು. ಬೆರಳು ಸೋಕಿಸಿದರೂ ಕೈ ಮುರಿಯುತ್ತೇನೆಂದು ನನಗೆ ಹೇಳಿಟ್ಟಿದ್ದ. ಈಗ ಆ ಜಾಗದಲ್ಲಿ ನಾಲ್ಕು ಮಹಡಿಯ ಪಿಜಿ ಇದೆ, ತಾರಸಿಗೆ ಬೀಗ ಹಾಕಿರುತ್ತಾರೆ.

ಅವನು ನನಗೆ ನಕ್ಷತ್ರಗಳ ಪಾಠ ಹೇಳಿದ್ದು ಅಜ್ಜಿಯ ಬಚ್ಚಲೊಲೆಯ ಮುಂದೆ. "ಕೆಂಪಗಿರೋ ಕೆಂಡಕ್ಕಿಂತ ಬೆಳ್ಳಗೆ ಉರಿಯೋದೇ ಜಾಸ್ತಿ ಬಿಸಿ ಕಣೇ, ನಕ್ಷತ್ರಾನೂ ಹಾಗೇ" ಎನ್ನುತ್ತಿದ್ದ. ಅನಿಲ, ದೂಳಿನ ಮೋಡವೊಂದು ತನ್ನ ಭಾರಕ್ಕೇ ಕುಸಿದು, ಕಾದು, ಒಡಲೊಳಗೆ ಹೊತ್ತಿಕೊಂಡರೆ ನಕ್ಷತ್ರ ಹುಟ್ಟಿದ ಹಾಗೆ. ನಮ್ಮ ಸೂರ್ಯ ನಡುವಯಸ್ಸಿನವನು. ಉರುವಲು ಮುಗಿಯುತ್ತ ಬಂದಾಗ ಉಬ್ಬಿ ಕೆಂಪಾಗಿ, ಹೊರಗಿನದನ್ನೆಲ್ಲ ಕಳಚಿ, ಭೂಮಿಯಷ್ಟೇ ಗಾತ್ರದ ಬಿಳಿ ಕೆಂಡವಾಗಿ ನಿಧಾನಕ್ಕೆ ಆರುತ್ತಾನೆ. ಭಾರೀ ನಕ್ಷತ್ರಗಳದ್ದು ದುಂದುಗಾರಿಕೆ, ಬೇಗ ಉರಿದು ಸಿಡಿಯುತ್ತವೆ, ಚೆಲ್ಲಿದ್ದರಿಂದಲೇ ಹೊಸವು ಹುಟ್ಟುತ್ತವೆ. ಅಜ್ಜಿಯ ಜನ್ಮನಕ್ಷತ್ರ ಆರ್ದ್ರಾ. ಅದಕ್ಕೂ ಮುಪ್ಪು ಬಂದು ಉಬ್ಬಿ ಕೆಂಪಾಗಿದೆ, ಒಂದು ದಿನ ಸಿಡಿಯುತ್ತದೆ ಎಂದಾಗ ಅಜ್ಜಿ ಕೇಳಿದಳು, "ನಾನು ಹೋಗೋಕ್ ಮುಂಚೆನಾ, ಆಮೇಲಾ?"

"ಇನ್ನೂ ಸಾವಿರಾರು ವರ್ಷ ಇರಬಹುದು ಕಣಮ್ಮ. ಕನ್ನಡಿ ಮುಗೀಲಿ, ಮೊದಲು ನಿಂಗೇ ತೋರಿಸ್ತೀನಿ."

ಅಜ್ಜಿ ಇದನ್ನು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು.

ಆಯುಧಪೂಜೆಯ ದಿನ ಚಿಕ್ಕಪ್ಪ ಕಾರ್ಖಾನೆಯ ಪೂಜೆಗೆ ಹೋಗಿದ್ದ. ಕನ್ನಡಿ ಮುಗಿದಿತ್ತು, ಬೆಳ್ಳಿ ಲೇಪಕ್ಕೆ ಕಳಿಸುವುದೊಂದೇ ಬಾಕಿ. ಮನೆಯಲ್ಲಿ ಈಳಿಗೆಮಣೆಯಿಂದ ಸೈಕಲ್ಲಿನವರೆಗೆ ಎಲ್ಲಕ್ಕೂ ಅಂದು ಸ್ನಾನ, ಕುಂಕುಮ. "ಅಷ್ಟು ಕಷ್ಟಪಟ್ಟು ಮಾಡಿದಾನೆ, ಅದನ್ನ ಬಿಟ್ಟು ಪೂಜೆ ಮಾಡ್ತಾರಾ? ತೊಳ್ಕೊಂಡು ಬಾ ಪುಟ್ಟಿ" ಎಂದಳು ಅಜ್ಜಿ. ಅವಳಿಗೇನು ಗೊತ್ತು ಪಾಪ. ಮುಟ್ಟಬಾರದೆಂದು ಗೊತ್ತಿದ್ದವಳು ನಾನು. ನೀರಲ್ಲಿ ಅದ್ದಿ ತೆಗೆದಿದ್ದರೆ ಸಾಕಿತ್ತು. ಫಳಫಳ ಹೊಳೆಯಲಿ ಎಂದು ದೀಪದ ಕಂಬಗಳ ಜೊತೆ ಅದಕ್ಕೂ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದೆ. ಬಿಸಿಲಿಗೆ ಹಿಡಿದರೆ ಮೈತುಂಬ ಗೀರು. ಅದರ ಮೇಲೆಯೇ ಅಜ್ಜಿ ಮೂರು ಬೊಟ್ಟು ಕುಂಕುಮ ಇಟ್ಟು ಕೈಮುಗಿದಳು.

"ಯಾರು ತಿಕ್ಕಿದ್ದು?" ಎಂದ ಚಿಕ್ಕಪ್ಪ, ಬಂದವನೇ. ನಾನು ಅಜ್ಜಿಯ ಬೆನ್ನ ಹಿಂದೆ ಸರಿದೆ. "ನಾನೇ ಕಣೋ, ತಿಳೀಲಿಲ್ಲ" ಎಂದಳು ಅಜ್ಜಿ. ಅವನು ಬೈಯಲಿಲ್ಲ, ಮತ್ತೆ ತೇಯಲೂ ಇಲ್ಲ. ತನ್ನ ಅಮ್ಮನ ಜೊತೆ ಮಾತು ಬಿಟ್ಟ. ಒಂದೇ ಮನೆಯಲ್ಲಿ ಆರು ವರ್ಷ, ಊಟ ಬೇಕೆಂದರೂ ನನ್ನ ಕೈಲಿ ಹೇಳಿಸುತ್ತಿದ್ದ. ಬಾಗಿಲ ಹತ್ತಿರ ನಿಂತು ಅಜ್ಜಿ ಅವನ ಮುಖ ನೋಡುವುದನ್ನು ದಿನಾ ಕಂಡೂ ನಾನು ತುಟಿ ಬಿಚ್ಚಲಿಲ್ಲ. ಮಗುವಾಗಿದ್ದೆ ಬಿಡು ಎಂದು ನೀವು ಸಮಾಧಾನ ಹೇಳಬೇಡಿ. ತಿಕ್ಕಿದಾಗ ಹತ್ತು ವರ್ಷ, ಆದರೆ ಹದಿನಾರು ತುಂಬಿದವಳು ಮಗುವಲ್ಲ. ಅಜ್ಜಿ ಹಾಗೆಯೇ ಹೋದಳು, ತನ್ನ ನಕ್ಷತ್ರವನ್ನೂ ನೋಡದೆ, ಮಗನ ಮಾತನ್ನೂ ಕೇಳದೆ.

ಹನ್ನೊಂದನೆಯ ದಿನ, ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಹಿತ್ತಲಿಗೆ ಹೋಗಿ ಹೇಳಿದೆ, "ಅವತ್ತು ತಿಕ್ಕಿದ್ದು ನಾನು ಚಿಕ್ಕಪ್ಪ."

"ಗೊತ್ತಿತ್ತು. ಅಷ್ಟು ಜೋರಾಗಿ ತಿಕ್ಕೋಕೆ ಅವಳ ಕೈಲಿ ಶಕ್ತಿ ಎಲ್ಲಿತ್ತು?"

"ಮತ್ತೆ ಅಜ್ಜಿ ಹತ್ರ ಯಾಕೆ ಮಾತು ಬಿಟ್ಟೆ?"

"ನೀನು ಚಿಕ್ಕವಳು. ಸಿಟ್ಟು ಯಾರ ಮೇಲಾದ್ರೂ ತೀರಿಸ್ಕೋಬೇಕಿತ್ತು. ಅಮ್ಮ ಎಲ್ಲಿಗೆ ಹೋಗ್ತಾಳೆ, ಇನ್ನೊಂದಿನ ಮಾತಾಡಿದ್ರಾಯ್ತು ಅಂದ್ಕೊಂಡೆ" ಎಂದವನು ಬೋಳಿಸಿದ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತುಬಿಟ್ಟ.