ಖಂಡೇನವಮಿಯ ಮಣೆ

ನಮ್ಮ ಮನೆಯಲ್ಲಿ ಆಯುಧ ಪೂಜೆಗೆ ಒಂದು ಕಟ್ಟಳೆ ಇದೆ. ಖಂಡೇನವಮಿಯ ದಿನ ಮಣೆಯ ಮೇಲೆ ಪೂಜೆಗಿಟ್ಟ ಹತಾರಗಳನ್ನು ಮರುದಿನ, ದಶಮಿಯ ಬೆಳಿಗ್ಗೆ, ಇಟ್ಟವನೇ ಎತ್ತಬೇಕು. ಎತ್ತಿದ ಮೇಲೆ ಅವುಗಳಿಂದ ಚೂರಾದರೂ ಕೆಲಸ ಮಾಡಬೇಕು. ಅಲ್ಲಿಯವರೆಗೆ ಬೇರೆ ಯಾರೂ ಮುಟ್ಟುವಂತಿಲ್ಲ. ಧಾರವಾಡದ ಕಡೆಯ ಬಡಗಿ ಮನೆತನಕ್ಕೆ ಸೊಸೆಯಾಗಿ ಬಂದ ವರ್ಷವೇ ಅತ್ತೆ ನನಗೆ ಇದನ್ನು ಹೇಳಿದ್ದರು. ಆಮೇಲೆ ಗಂಡ ನೌಕಾದಳ ಸೇರಿ, ಹಡಗಿನೊಳಗಿನ ಮರಗೆಲಸ ಮಾಡುತ್ತ ವಿಶಾಖಪಟ್ಟಣಕ್ಕೆ ಬಂದರು. ನಿವೃತ್ತರಾದ ಮೇಲೂ ಗಾಜುವಾಕದ ಬಾಡಿಗೆ ಮನೆಯಲ್ಲೇ ಉಳಿದೆವು. ಮನೆಯ ಮಾತು ಅರ್ಧ ತೆಲುಗಾಯಿತು, ಕಟ್ಟಳೆ ಮಾತ್ರ ಹಾಗೇ ಉಳಿಯಿತು.

ಆ ವರ್ಷವೂ ಅವರು ಎಂದಿನಂತೆ ಸ್ನಾನ ಮಾಡಿ, ಗರಗಸ, ಬಾಚಿ, ಮರ ನಯಮಾಡುವ ಉಜ್ಜುಗೊರಡು, ತಮ್ಮ ಅಪ್ಪನಿಂದ ಬಂದ ಉಳಿಗಳು, ಎಲ್ಲವನ್ನೂ ಒರೆಸಿ ಮಣೆಯ ಮೇಲೆ ಸಾಲಾಗಿ ಇಟ್ಟರು. ಒಂದೊಂದಕ್ಕೂ ಗಂಧ, ಕುಂಕುಮ, ಚೆಂಡುಹೂ. ಹೂ ಬಿಡಿಸಿ ಕೊಡುವುದಷ್ಟೇ ನನ್ನ ಪಾಲಿನ ಸೇವೆ. ಮದುವೆಯಾದ ಹೊಸತರಲ್ಲಿ ತೆಂಗಿನಕಾಯಿ ಒಡೆಯಲು ಒಮ್ಮೆ ಉಳಿಗೆ ಕೈ ಹಾಕಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟ ಮಹಾನುಭಾವರು ಅವರು. ಅಂದಿನಿಂದ ನಾನು ಆ ಹತಾರಗಳ ಸುದ್ದಿಗೇ ಹೋಗಿರಲಿಲ್ಲ.

ಮಧ್ಯಾಹ್ನ ಹೋಳಿಗೆ ಊಟಕ್ಕೆ ಕೂತಾಗ ತುತ್ತು ಅವರ ಕೈಯಿಂದ ಜಾರಿ ಬಿತ್ತು. “ಏನಾತ್ರೀ?” ಅಂದೆ. ಉತ್ತರ ಕೊಡಲು ನೋಡಿದರು, ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಲಕ್ವಾ ಹೊಡೆದಿತ್ತು. ಬಲಗೈ ಪೂರ್ತಿ ಹೋಯಿತು, ಬಲಗಾಲು ಅರ್ಧ ಹೋಯಿತು. ವಿಜಯವಾಡದಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದ ಮಗ ಓಡಿ ಬಂದ. ಆಸ್ಪತ್ರೆಯಿಂದ ಬಿಟ್ಟ ದಿನವೇ ನಮ್ಮಿಬ್ಬರನ್ನೂ ಬೆಂಜ್ ಸರ್ಕಲ್ ಹಿಂದಿನ ಓಣಿಯಲ್ಲಿದ್ದ ತನ್ನ ಫ್ಲ್ಯಾಟಿಗೆ ಕರೆದುಕೊಂಡು ಹೋದ. ಗಾಜುವಾಕದ ಮನೆಗೆ ಬೀಗ ಬಿತ್ತು. ಮಣೆ ದೇವರ ಮುಂದೆ ಹಾಗೆಯೇ ಇತ್ತು.

ವಿಜಯವಾಡದಲ್ಲಿ ಮಗ ಅವರಿಗೊಂದು ಮರದ ಊರುಗೋಲು ತಂದ. ಅವರು ಅದನ್ನು ಒಮ್ಮೆ ಹಿಡಿದು ನೋಡಿ, “ಇದು ನನ್ನ ಅಳತೀದಲ್ಲ” ಎಂದು ಗೋಡೆಗೆ ಒರಗಿಸಿದರು. ನಿಜಕ್ಕೂ ಅದು ಉದ್ದವಾಗಿತ್ತು. ಅಂಗಡಿಯಲ್ಲಿ ಕತ್ತರಿಸಿಕೊಂಡು ಬರುತ್ತೇನೆಂದರೆ ಅದಕ್ಕೂ ಒಪ್ಪಲಿಲ್ಲ. ಗೋಡೆ ಹಿಡಿದು, ಇಲ್ಲವೆ ನನ್ನ ಹೆಗಲು ಹಿಡಿದು ಬಚ್ಚಲಿಗೆ ಹೋಗಿ ಬರುವುದು, ಉಳಿದ ಹೊತ್ತು ಮಂಚ. ಕೋಲಿನ ಉದ್ದ ಬರೀ ನೆಪವೆಂದು ನನಗೆ ಗೊತ್ತಿತ್ತು. ಕೋಲು ಹಿಡಿದರೆ ಮತ್ತೆ ಕೈಗೆ ಉಳಿ ಬರುವುದಿಲ್ಲವೆಂದು ಅವರು ಹೆದರಿದ್ದರು.

ಬೇಸಿಗೆಯಲ್ಲಿ ಗಾಜುವಾಕದ ಮನೆ ಖಾಲಿ ಮಾಡಲು ಮಗನೂ ನಾನೂ ಹೋದೆವು. ಬಾಗಿಲು ತೆಗೆದು ನೇರ ದೇವರ ಮುಂದೆ ಹೋದೆ. ಹೂ ಒಣಗಿ ಪುಡಿಯಾಗಿತ್ತು. ಸಮುದ್ರದ ಗಾಳಿಗೆ ಕಬ್ಬಿಣವೆಲ್ಲ ಮಂಕಾಗಿತ್ತು. ಎಲ್ಲಕ್ಕಿಂತ ಹೆಚ್ಚು ತುಕ್ಕು ತಿಂದದ್ದು ಕುಂಕುಮ ಹಚ್ಚಿದ ಜಾಗದಲ್ಲೇ. ಪ್ರತಿ ವರ್ಷ ದಶಮಿಯ ಬೆಳಿಗ್ಗೆ ಅವರು ಮೊದಲು ಕುಂಕುಮ ಒರೆಸಿ ಎಣ್ಣೆ ಸವರುತ್ತಿದ್ದರು. ಈ ಸಲ ಒರೆಸುವ ಕೈಯೇ ಇರಲಿಲ್ಲ. ಪೂಜೆಯೇ ಹತಾರಗಳನ್ನು ತಿಂದಿತ್ತು.

ಮಗ ಬಟ್ಟೆ ಹಿಡಿದು ಬಂದ. “ಅಮ್ಮಾ, ಒರೆಸಿಬಿಡ್ತೀನಿ, ಇಲ್ದಿದ್ರ ಪೂರಾ ಹಾಳಾಗ್ತಾವ.”

“ಮುಟ್ಟಬ್ಯಾಡ! ಇಟ್ಟಾವರ ಎತ್ತಬೇಕು.”

“ಅಪ್ಪಗ ಎತ್ತಾಕ ಆಗೂದಿಲ್ಲ ಅಂತ ನಿನಗ ಗೊತ್ತಿಲ್ಲೇನು? ಅಪ್ಪನ ಒಪ್ಪಿದ್ರೂ ನೀ ಒಪ್ಪಾಂಗಿಲ್ಲ. ದೇವರು ವರ ಕೊಟ್ರೂ ಪೂಜಾರಿ ಕೊಡಾಂಗಿಲ್ಲ ಅಂದಾಂಗ ಆತಿದು.”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಮಣೆಯನ್ನು ಎತ್ತಿದರೆ ಹತಾರ ಎತ್ತಿದ ಹಾಗಲ್ಲ ಎಂದು ನಾನೇ ಒಂದು ಶಾಸ್ತ್ರ ಮಾಡಿದೆ. ಒಂದೂ ಅಲುಗದ ಹಾಗೆ ಮಣೆಸಮೇತ ಹಳೆಯ ಸೀರೆಯಲ್ಲಿ ಬಿಗಿದು ಕಟ್ಟಿ, ರೈಲಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದೆ. ಗಂಟಿನ ಸಂದಿಯಲ್ಲಿ ಕುಂಕುಮ ಕಂಡ ಎದುರು ಸೀಟಿನ ಹೆಂಗಸು ಕೈಮುಗಿದು, “ಏ ದೇವುಡಂಡಿ?” ಎಂದು ಕೇಳಿದಳು. ನಮ್ಮ ಮನೆ ದೇವರು ಎಂದೆ. ಮಗ ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕ. ನನಗೆ ನಗು ಬರಲಿಲ್ಲ.

ಗಂಟನ್ನು ಮಂಚದ ಕೆಳಗೆ ಸರಿಸಿದೆ. ಅವರಿಗೆ ತೋರಿಸಲಿಲ್ಲ. ‘ಇವನ್ನು ನಾವು ಎತ್ತಬಹುದೇ’ ಎಂದು ಕೇಳುವುದೂ, ‘ಇನ್ನು ನಿಮ್ಮ ಕೈಗೆ ಕೆಲಸವಿಲ್ಲ’ ಎಂದು ಹೇಳುವುದೂ ಒಂದೇ. ಹಾಗೆ ಹೇಳುವ ಧೈರ್ಯ ನನ್ನಲ್ಲಿ ಇರಲಿಲ್ಲ. ಬಾಯಿ ಜೋರು ಎಂದು ನೆಂಟರಿಷ್ಟರಲ್ಲೆಲ್ಲ ಹೆಸರಾದ ನಾನು ಇದೊಂದು ವಿಷಯಕ್ಕೆ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಮಳೆಗಾಲ ಶುರುವಾದ ಮೇಲೆ ಮಗ ಒಂದು ಸುದ್ದಿ ತಂದ. ಮಂಗಳಗಿರಿಯಲ್ಲಿ ನೇಕಾರರ ಮಗ್ಗ ದುರಸ್ತಿ ಮಾಡುವ ಬಡಗಿಯೊಬ್ಬನಿಗೆ ಕೈಹತಾರ ಬೇಕಂತೆ, ಭಾನುವಾರ ಬಂದು ನೋಡುತ್ತಾನಂತೆ. ಈ ಮಾತನ್ನು ಅವನು ಹೇಳಿದ್ದು ಅಪ್ಪನ ಎದುರಿಗೇ. ಅವರು ನನ್ನ ಕಡೆ ತಿರುಗಿ, ತೊದಲುವ ನಾಲಿಗೆಯಲ್ಲೇ, “ಮಂಚದ ಬುಡಕಿಂದು ತಗಿ” ಅಂದರು. ಗೊತ್ತಿತ್ತು ಅವರಿಗೆ, ಮೊದಲಿನಿಂದಲೂ.

ಗಂಟು ಬಿಚ್ಚಿದೆ. ಅವರು ತುಕ್ಕನ್ನು ನೋಡಿದರು. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು, “ಪೂಜಿಯೊಳಗ ಇರೂ ಹತಾರ ಮಂದಿಗೆ ಕೊಡಬಾರದು. ಮೊದಲ ಎತ್ತಬೇಕು” ಅಂದರು.

“ಎಡಗೈಲೆ ಎತ್ರಿ. ದೇವರಿಗೆ ತಿಳೀತದ.”

“ಬಲಗೈಲೆ ಇಟ್ಟದ್ದು. ಎಡಗೈ ಹಚ್ಚಾಂಗಿಲ್ಲ.” ನನ್ನ ಕೈ ಕಡೆ ನೋಡಿ, “ನೀನ ಎತ್ತು” ಅಂದರು.

“ನಾನಾ?”

“ಇಷ್ಟು ತಿಂಗಳಾತು, ನನ್ನ ಬಲಗೈ ಕೆಲಸ ಎಲ್ಲಾ ನೀನ ಮಾಡಾಕತ್ತಿ. ಉಣಸೂದು ನೀನ, ಗುಂಡಿ ಹಾಕೂದು ನೀನ. ಎತ್ತು.”

ಕೈ ತೊಳೆದು ಬಂದು ಎತ್ತಿದೆ. ಮೊದಲು ಗರಗಸ. ಅದು ಇಷ್ಟು ಹಗುರವೆಂದು ನನಗೆ ಗೊತ್ತೇ ಇರಲಿಲ್ಲ. ಕುಂಕುಮ ಒರೆಸಿದೆ, ಎಣ್ಣೆ ಸವರಿದೆ. ಇನ್ನು ಕೆಲಸ ಮಾಡಬೇಕಲ್ಲ, ಆ ಮನೆಯಲ್ಲಿ ಕೊಯ್ಯಲು ಒಂದು ತುಂಡು ಮರವಿರಲಿಲ್ಲ. ಅವರು ಗೋಡೆಯ ಕಡೆ ಗದ್ದ ತೋರಿಸಿದರು. ಅಲ್ಲಿ ಊರುಗೋಲು ಒರಗಿತ್ತು.

ಮಗ ಅವರನ್ನು ಹಿಡಿದು ನಿಲ್ಲಿಸಿದ. ನಾನು ಕೋಲನ್ನು ಅವರ ಪಕ್ಕಕ್ಕೆ ಹಿಡಿದೆ. ಅವರು ಎಡಗೈ ಇಳಿಬಿಟ್ಟು, ಮಣಿಕಟ್ಟಿನ ನೇರಕ್ಕೆ ಹಿಡಿಕೆ ಬರಲು ಎಷ್ಟು ತೆಗೆಯಬೇಕೆಂದು ಲೆಕ್ಕ ಹಾಕಿ, ಮತ್ತೆ ಕುಳಿತು ಉಗುರಿನಿಂದ ಗೀರು ಎಳೆದರು. ತುದಿಯ ರಬ್ಬರು ತೆಗೆದು ಕೋಲನ್ನು ಕುರ್ಚಿಗೆ ಅಡ್ಡ ಇಟ್ಟೆವು. ನಾನು ಗರಗಸ ಒತ್ತಿದೆ, ಅದು ಜಿಗಿಯಿತು.

“ಒತ್ತಬ್ಯಾಡ. ಸುಮ್ನ ಎಳಿ. ಗರಗಸಕ್ಕ ಹಾದಿ ಗೊತ್ತದ.”

ಎಳೆದೆ. ತುಂಡು ನೆಲಕ್ಕೆ ಬಿತ್ತು. ಉಳಿದ ಒಂದೊಂದು ಹತಾರವನ್ನೂ ಎತ್ತಿ ಕೋಲಿನ ಕೊಯ್ದ ಅಂಚಿಗೆ ಮುಟ್ಟಿಸಿದೆ. ಅಂಚು ನುಣುಪಾಯಿತೋ ಇಲ್ಲವೋ, ಶಾಸ್ತ್ರ ಮುಗಿಯಿತು. ರಬ್ಬರು ಹಾಕಿ ಕೊಟ್ಟಾಗ ಅವರು ಎಡಗೈ ಚಾಚಿ ಅದನ್ನು ತೆಗೆದುಕೊಂಡರು. ನಾನು ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ.

ಭಾನುವಾರ ಮಂಗಳಗಿರಿಯ ಬಡಗಿ ಬಂದ. ತುಕ್ಕು ನೋಡಿ ಮುಖ ಸಿಂಡರಿಸಲಿಲ್ಲ. ಉಳಿಯ ಅಲಗಿಗೆ ಹೆಬ್ಬೆರಳು ಹಚ್ಚಿ ನೋಡಿ, “ಇಸ್ಪಾತ್ ಮಂಚಿದಂಡಿ” ಅಂದ, ಉಕ್ಕು ಒಳ್ಳೆಯದೆಂದು. ಎಲ್ಲವನ್ನೂ ಕೊಟ್ಟೆವು, ಒಂದನ್ನೂ ಇಟ್ಟುಕೊಳ್ಳಲಿಲ್ಲ. ಒಂದು ಇಟ್ಟುಕೊಳ್ಳೋಣವೇ ಎಂದು ಮಗ ಕೇಳಿದ್ದಕ್ಕೆ, ಕೆಲಸವಿಲ್ಲದ ಉಳಿ ಮನೆಯಲ್ಲಿದ್ದರೆ ಅದಕ್ಕೂ ದುಃಖ, ನನಗೂ ದುಃಖ ಎಂದರು ಅವರು. ಆತ ಹೋದ ಮೇಲೆ ಬರಿಯ ಮಣೆ ಉಳಿಯಿತು.

ಮತ್ತೆ ದಸರೆ ಬಂತು. ಅಷ್ಟರಲ್ಲಿ ಅವರು ಕೋಲೂರಿಕೊಂಡು ತಾವೇ ಬಚ್ಚಲಿಗೆ ಹೋಗಿ ಬರುತ್ತಿದ್ದರು. ನವಮಿಯ ಬೆಳಿಗ್ಗೆ ಈ ಸಲ ಪೂಜೆಗೆ ಏನಿಡುವುದೆಂದು ಯೋಚಿಸುತ್ತ, ಅಡಿಗೆಮನೆಯ ಈಳಿಗೆಯನ್ನು ತೊಳೆದಿಟ್ಟಿದ್ದೆ. ಅವರು ಸ್ನಾನ ಮಾಡಿ ಬಂದು ಕುರ್ಚಿಯಲ್ಲಿ ಕೂತು, ಎಡಗೈಯಿಂದ ಮಣೆ ಎಳೆದುಕೊಂಡು, ಅದರ ಮೇಲೆ ತಮ್ಮ ಊರುಗೋಲನ್ನು ಇಟ್ಟರು. ಹೂ ಕೊಡು ಎಂದು ಕೈ ಚಾಚಿದರು.

“ಇದೇನ್ರಿ, ಕೋಲಿಗ್ಯಾಕ ಪೂಜಿ?”

“ಈಗ ದುಡಿಯೂದು ಅದ ಅಲ್ಲೇನು?”

ಆ ದಿನವಿಡೀ ಅವರು ಕೋಲು ಮುಟ್ಟಲಿಲ್ಲ. ಪೂಜೆಯೊಳಗಿದೆ ಎಂದು ಕುರ್ಚಿ ಬಿಟ್ಟು ಏಳಲಿಲ್ಲ, ಬಚ್ಚಲಿಗೆ ಮಾತ್ರ ಮತ್ತೆ ನನ್ನ ಹೆಗಲೇ ಆಯಿತು. ಹಟಮಾರಿ ಎಂದು ಬೈದೆ. ಆದರೆ ಒಳಗೊಳಗೇ ಭಯ. ಹಿಂದಿನ ನವಮಿಯೂ ಹೀಗೇ ಚೆನ್ನಾಗಿ ಶುರುವಾಗಿತ್ತು.

ದಶಮಿಯ ಬೆಳಿಗ್ಗೆ ಎದ್ದವಳೇ ಅವರನ್ನು ಕುರ್ಚಿಗೆ ತಂದು ಕೂರಿಸಿ, ಕೋಲು ಎತ್ತಿಕೊಡಲು ಬಾಗಿದೆ.

“ಮುಟ್ಟಬ್ಯಾಡ” ಅಂದರು. “ಇಟ್ಟದ್ದು ಎಡಗೈ, ಎತ್ತೂದೂ ಎಡಗೈ.”

ಕುರ್ಚಿಯ ತುದಿಗೆ ಸರಿದು, ಬಾಗಿ, ಅವರೇ ಎತ್ತಿದರು. ಪಂಚೆಯ ಅಂಚಿನಿಂದ ಕುಂಕುಮ ಒರೆಸಿದರು. ಆಮೇಲೆ ಊರಿಕೊಂಡು ಎದ್ದು, ನನ್ನನ್ನು ದಾಟಿ, ಲಕ್ವಾ ಹೊಡೆದ ಮೇಲೆ ಒಮ್ಮೆಯೂ ಕಾಲಿಡದ ಅಡಿಗೆಮನೆಯವರೆಗೆ ನಡೆದುಹೋಗಿ, “ಚಾ ಇಡು” ಅಂದರು.