ತಗ್ಗು ಬಿದ್ದ ಬಟ್ಟಲು

ಹ್ವಾಯ್, ಒಂದ್ ಸುದ್ದಿ ಕೇಣಿ. ಶಂಕರನಾರಾಯಣ ಊರಿಂದ ಬಂದ ಮಗಳು ಇವತ್ತು ಮಧ್ಯಾಹ್ನ ಟಿವಿಯಲ್ಲಿ ಸಿನಿಮಾ ಹಾಕಿದಳು. ಗಂಡನ ಹೊಡೆತ ತಿಂದವಳೊಬ್ಬಳು ಮನೆ ಬಿಟ್ಟು, ಹೊಲಿಗೆ ಕಲಿತು, ತನ್ನ ಕಾಲ ಮೇಲೆ ನಿಲ್ಲುವ ಕಥೆ. ಗಂಡ ಊಟದ ಬಟ್ಟಲು ಎಸೆದದ್ದು ಕಂಡು ನನಗೆ ತಡೆಯಲಾಗಲಿಲ್ಲ. "ಅವ್ನ ಕೈ ಮುರಿಕ್!" ಎಂದೆ.

ಹೆಂಡತಿ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದಳು: "ಬೊಬ್ಬೆ ಹೊಡಿಬೇಡಿ. ಸಾರಿಗೆ ಉಪ್ಪ್ ಹೆಚ್ಚಾಯ್ತ್ ಅಂದ್ಹೇಳಿ ನೀವ್ ಗ್ವಾಡಿಗೆ ಬಿಸಾಡಿದ್ ಬಟ್ಲಗೇ ನಾನ್ ಇನ್ನೂ ಉಂಬುದ್."

ಮಗಳು ತಿರುಗಿ ಕೇಳಿದಳು, "ಹೌದಾ ಅಪ್ಪಯ್ಯ?"

ಹೌದು. ಆಗ ಮಗಳು ತೊಟ್ಟಿಲಲ್ಲಿದ್ದಳು. ನಾನು ಅದನ್ನು ಮರೆತೇಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರು ಕೂರುವುದು. ಹೆಂಡತಿ ಯಾವ ಬಟ್ಟಲಲ್ಲಿ ಉಣ್ಣುತ್ತಾಳೆ ಎಂದು ನಾನು ಒಂದು ದಿನವೂ ಕಂಡವನಲ್ಲ.

ಸಂಜೆ ಗಂಜಿಗೆ ಅವಳನ್ನು ಎದುರಿಗೆ ಕೂರಿಸಿ, ಆ ಬಟ್ಟಲು ನಾನು ತೆಗೆದುಕೊಂಡೆ. ಅಡಿ ಸೊಟ್ಟಗಾಗಿ ಅದು ನೆಲದ ಮೇಲೆ ನಿಲ್ಲುವುದೇ ಇಲ್ಲ. ಒಂದು ಕೈಯಲ್ಲಿ ಹಿಡಿದುಕೊಂಡೇ ಉಣ್ಣಬೇಕು. ಇಷ್ಟು ವರ್ಷ ಅವಳು ಹಾಗೇ ಉಂಡಿದ್ದಾಳೆ.

ಮೀನು ಸಾರಿಗೆ ಇವತ್ತೂ ಉಪ್ಪು ಹೆಚ್ಚಾಗಿತ್ತು. ಬಟ್ಟಲು ಗಟ್ಟಿ ಹಿಡಿದುಕೊಂಡು ಸುಮ್ಮನೆ ಉಂಡೆ.